ಲಿವರಿನಲ್ಲಿ ಬಾಡಿಗೆ ಮನೆ

ಲಿಫ್ಟ್ ರಿಪೇರಿ ಮಾಡುವ ಆತನಿಗೆ ಎತ್ತರದ ಭಯವಿರಲಿಲ್ಲ, ಕತ್ತಲೆಯ ಭಯವಿರಲಿಲ್ಲ. ಸೂಜಿ ಕಂಡರೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ಹೆಂಡತಿಗೆ ಹದಿಹರೆಯದಿಂದಲೂ ಸಕ್ಕರೆ ಕಾಯಿಲೆ. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವ ಆಕೆ ಊಟಕ್ಕೆ ಮುಂಚೆ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುವಾಗ, ಮದುವೆಯಾಗಿ ಇಷ್ಟು ವರ್ಷವಾದರೂ, ಆತ ಗೋಡೆ ಕಡೆ ಮುಖ ತಿರುಗಿಸುತ್ತಿದ್ದ. ಉಪದೇಶಕ್ಕೇನೂ ಕೊರತೆಯಿರಲಿಲ್ಲ. ಅದು ತಿನ್ನಬೇಡ, ಇದು ಮುಟ್ಟಬೇಡ ಎಂದು ಆಕೆಯ ತಲೆ ತಿನ್ನುತ್ತಿದ್ದ.

ಒಂದು ಭಾನುವಾರ ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಮಾಡುತ್ತ ಕೂತಿದ್ದ ಅವನನ್ನು ನೋಡಿ ಆಕೆಗೆ ಏನೋ ಹೊಳೆಯಿತು. ಕೈ ಎಳೆದು, ಅವನು ಬೊಬ್ಬೆ ಹಾಕುತ್ತಿದ್ದರೂ ಬಿಡದೆ, ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಸಕ್ಕರೆ ಅಳೆಯುವ ತನ್ನ ಮೀಟರಿಗೆ ಹಾಕಿದಳು. ಅಂಕಿ ಮುನ್ನೂರು ದಾಟಿತ್ತು.

"ಹೋಗ್ಲಿ ಬಿಡು, ನಿನ್ನ ಗುಂಪಿಗೆ ನಾನೂ ಸೇರ್ದೆ" ಎಂದು ಅವನು ನಕ್ಕ.

ಆಕೆ ನಗಲಿಲ್ಲ. "ನಿಮ್ಮ ವಯಸ್ಸಿಗೆ ಶುಗರ್ ಬರೋದು ದೊಡ್ಡ ವಿಷ್ಯ ಅಲ್ಲ ರೀ. ಆದ್ರೆ ನೀವು ಕಡ್ಡಿ ಆಗ್ತಿದ್ದೀರಿ. ಊಟ ಸೇರ್ತಿಲ್ಲ, ಬೆನ್ನು ನೋವು ಅಂತೀರಿ. ನಾಳೆ ಡಾಕ್ಟರ್ ಹತ್ರ ಹೋಗೋದೇ."

ಇದು ಬರೀ ಶುಗರ್ ಅಲ್ಲ ಎಂಬ ಅನುಮಾನ ಡಾಕ್ಟರಿಗೂ ಬಂತು. ಸ್ಕ್ಯಾನ್ ಮಾಡಿದಾಗ ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಯ ತಲೆ ಭಾಗದಲ್ಲಿ ಸಣ್ಣದೊಂದು ಗೆಡ್ಡೆ ಕಂಡಿತು. ಕ್ಯಾನ್ಸರ್. ಬೇರೆಲ್ಲೂ ಹಬ್ಬಿರಲಿಲ್ಲ.

ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರಮ್ಮ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. "ಗ್ರಂಥಿ ತುಂಬ ಮೆತ್ತಗಿದೆ. ಅರ್ಧ ತೆಗೆದು ಉಳಿದಿದ್ದನ್ನ ಹೊಲಿದ್ರೆ ಹೊಲಿಗೆ ಸೋರೋ ಅಪಾಯ ಇದೆ. ಹಾಗಾಗಿ ಪೂರ್ತಿ ತೆಗೀಬೇಕಾಗಬಹುದು."

"ತೆಗೆದ್ರೆ ಇನ್ಸುಲಿನ್ ಎಲ್ಲಿಂದ ಬರುತ್ತೆ?" ಎಂದು ಹೆಂಡತಿ ಕೇಳಿದಳು.

"ಅದಕ್ಕೊಂದು ದಾರಿ ಇದೆ. ಗ್ರಂಥಿಯ ಗೆಡ್ಡೆ ಇಲ್ಲದ ಬಾಲದ ತುದಿಯಿಂದ ಇನ್ಸುಲಿನ್ ತಯಾರಿಸೋ ಜೀವಕೋಶಗಳನ್ನ ಬೇರೆ ಮಾಡ್ತೀವಿ. ಕ್ಯಾನ್ಸರ್ ಇಲ್ಲ ಅಂತ ಆದಷ್ಟೂ ಖಾತ್ರಿ ಮಾಡ್ಕೊಂಡು, ರಕ್ತನಾಳದ ಮೂಲಕ ಇವರದ್ದೇ ಲಿವರಿಗೆ ಬಿಡ್ತೀವಿ. ಅಲ್ಲಿ ಬೇರು ಬಿಟ್ರೆ ಕೆಲಸ ಶುರು ಮಾಡ್ತವೆ. ಎಲ್ಲಾ ಕಡೆ ಮಾಡಲ್ಲ ಇದನ್ನ. ಗ್ಯಾರಂಟಿನೂ ಕೊಡಕ್ಕಾಗಲ್ಲ."

"ಅಂದ್ರೆ ಲಿವರಿನಲ್ಲಿ ಬಾಡಿಗೆ ಮನೆ" ಎಂದ ಲಿಫ್ಟ್ ರಿಪೇರಿಯವನು.

ಗ್ರಂಥಿಯನ್ನು ಪೂರ್ತಿ ತೆಗೆಯಬೇಕಾಯಿತು. ಬೇರೆ ಮಾಡಿದ ಕೋಶಗಳನ್ನು ಲಿವರಿಗೆ ಬಿಟ್ಟರು. ಹೊಸ ಜಾಗದಲ್ಲಿ ಕೋಶಗಳು ಸುಧಾರಿಸಿಕೊಳ್ಳುವವರೆಗೆ ಹೊರಗಿನಿಂದ ಇನ್ಸುಲಿನ್ ಕೊಡಲೇಬೇಕಿತ್ತು. ಮನೆಗೆ ಬಂದ ಮೊದಲ ಬೆಳಿಗ್ಗೆ ಅವನು ಸಿರಿಂಜು ಹಿಡಿದು, ಕಣ್ಣು ಮುಚ್ಚಿ, ಹಾಸಿಗೆಯ ಅಂಚಿನಲ್ಲಿ ಬೆವರುತ್ತ ಕೂತ.

"ಕಣ್ಣು ಮುಚ್ಕೊಂಡು ಯಾರಾದ್ರೂ ಗಾಡಿ ಓಡಿಸ್ತಾರಾ?" ಎಂದಳು ಹೆಂಡತಿ. "ಚರ್ಮ ಹಿಡ್ಕೊಳ್ಳಿ. ಉಸಿರು ಬಿಡಿ. ಹ್ಞಾ, ಈಗ."

"ಆಯ್ತಾ?"

"ಇನ್ನೂ ಚುಚ್ಚೇ ಇಲ್ಲ ರೀ!"

ಇಬ್ಬರಿಗೂ ನಗು ಬಂತು. ಹೊಟ್ಟೆಯ ಹೊಲಿಗೆ ಎಳೆದಂತಾಗಿ ಅವನು "ನಗಿಸ್ಬೇಡ್ವೇ" ಎಂದು ಅಂಗಲಾಚಿದ. ಆ ನಗುವಿನ ನಡುವೆಯೇ ಸೂಜಿ ಒಳಗೆ ಹೋಗಿತ್ತು.

ಕೀಮೋ ತಿಂಗಳುಗಳು ಸುಲಭವಿರಲಿಲ್ಲ. ಬಾಯಿಗೆ ರುಚಿಯಿಲ್ಲ, ಮೈಯಲ್ಲಿ ತ್ರಾಣವಿಲ್ಲ. ಆದರೆ ಒಳಗೆ ಆ ಕೋಶಗಳು ತಮ್ಮ ಪಾಡಿಗೆ ಬೇರೂರುತ್ತಿದ್ದವು. ಇನ್ಸುಲಿನ್ ಕಡಿಮೆಯಾಗುತ್ತ ಬಂದು ಕೊನೆಗೆ ರಾತ್ರಿಯ ಒಂದು ಚಿಕ್ಕ ಡೋಸ್ ಮಾತ್ರ ಉಳಿಯಿತು. ಸ್ಕ್ಯಾನಿನಲ್ಲೂ ಕ್ಯಾನ್ಸರ್ ಕಾಣಲಿಲ್ಲ. ಆ ಸುದ್ದಿ ಕೇಳಿ ಹೆಂಡತಿ ಡಾಕ್ಟರಮ್ಮನ ಕೈ ಹಿಡಿದು ಅತ್ತಳು. ಮನೆಗೆ ಬಂದು ಅಡುಗೆಮನೆಯಲ್ಲಿ ಪಾತ್ರೆ ತಿಕ್ಕತೊಡಗಿದಳು. ತಿಕ್ಕಿದ ಪಾತ್ರೆಯನ್ನೇ ಮತ್ತೆ ತಿಕ್ಕುತ್ತಿದ್ದಳು.

"ಏನಾಯ್ತೇ?"

"ಹೊಟ್ಟೆಕಿಚ್ಚು" ಎಂದಳು ಆಕೆ, ತಿರುಗಿ ನೋಡದೆ. "ನೀವು ಉಳಿದಿದ್ದು ನನ್ನ ಪುಣ್ಯ. ಆದ್ರೂ ನಿನ್ನೆ ಮೊನ್ನೆ ಶುಗರ್ ಬಂದ ನಿಮಗೆ ಸೂಜಿಯಿಂದ ಹೆಚ್ಚುಕಮ್ಮಿ ಬಿಡುಗಡೆ, ನನಗಿಲ್ಲ. ಹೇಳಕ್ಕೆ ನಾಚಿಕೆ ಆಗುತ್ತೆ."

ಅವನು ಆಕೆಯ ಕೈಯಿಂದ ಪಾತ್ರೆ ತೆಗೆದು ಪಕ್ಕಕ್ಕಿಟ್ಟ. "ನಾಚಿಕೆ ಯಾಕೆ? ಆ ಸೂಜಿ ಏನು ಅಂತ ಈಗ ನನಗೂ ಗೊತ್ತು. ಇಷ್ಟು ವರ್ಷ ಗೋಡೆ ನೋಡ್ತಾ ನಿಂಗೆ ಬುದ್ಧಿ ಹೇಳ್ದೆ, ನೋಡು."

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಅವನೇ ಕೇಳಿದ. "ನನ್ನ ಕೋಶ ಒಂದಿಷ್ಟು ಇವಳಿಗೆ ಕೊಡಕ್ಕಾಗುತ್ತಾ ಡಾಕ್ಟ್ರೇ?"

ಡಾಕ್ಟರಮ್ಮ ನಕ್ಕರು. "ನಿಮಗೇ ಉಳಿದಿರೋದು ಬೊಗಸೆಯಷ್ಟೂ ಇಲ್ಲ. ಆದ್ರೆ ಲ್ಯಾಬಿನಲ್ಲೇ ಬೆಳೆಸಿದ ಕೋಶಗಳನ್ನ ಇವರಂಥವರಿಗೆ ಕೊಡೋ ಪ್ರಯೋಗ ಇಲ್ಲೇ ನಡೀತಿದೆ. ಒಂದೇ ತೊಂದರೆ, ದೇಹ ಅವನ್ನ ಹೊರಗಿನವು ಅಂತ ಕೊಲ್ಲದ ಹಾಗೆ ದಿನಾ ಮಾತ್ರೆ ನುಂಗಬೇಕು. ಆ ಮಾತ್ರೆಗಳಿಂದ ಸೋಂಕು ಬೇಗ ತಗಲುತ್ತೆ."

"ಮಾತ್ರೆ ಇಲ್ಲದ್ದು ಬರಲ್ವಾ?" ಎಂದು ಹೆಂಡತಿ ಕೇಳಿದಳು.

"ದೇಹದ ಕಣ್ಣಿಗೆ ಬೀಳದ ಹಾಗೆ ಕೋಶಗಳನ್ನೇ ಬದಲಾಯಿಸೋ ಕೆಲಸ ನಡೀತಿದೆ. ಯಾವಾಗ ಅಂತ ಹೇಳಲಾರೆ."

"ಹಾಗಾದ್ರೆ ಅದಕ್ಕೇ ಕಾಯ್ತೀನಿ. ಇದರ ಜೊತೆ ಬಾಳಿ ಅಭ್ಯಾಸ ಆಗಿದೆ. ಅದು ಬಂದ ದಿನ ಮೊದಲ ಫೋನ್ ನನಗೇ ಮಾಡ್ಬೇಕು" ಎಂದಳು ಆಕೆ. ದನಿಯಲ್ಲಿ ಬೇಸರವಿರಲಿಲ್ಲ. ತನಗೂ ಒಂದು ಬಾಗಿಲಿದೆ ಎಂದು ತಿಳಿದದ್ದೇ ಆಕೆಗೆ ಸಾಕಾಗಿತ್ತು.

ವಾಪಸು ಬರುವಾಗ ಆಕೆಯೇ ಕಾರು ಓಡಿಸಿದಳು. ಮೊದಲ ಸಿಗ್ನಲ್ ದಾಟುವಷ್ಟರಲ್ಲಿ ಅವನು ನಿದ್ದೆ ಹೋದ. ಕೆನ್ನೆ ಮತ್ತೆ ತುಂಬಿಕೊಳ್ಳುತ್ತಿತ್ತು. ಮನೆಯ ತಿರುವು ಬಂದಾಗ ಆಕೆ ತಿರುಗಿಸಲಿಲ್ಲ. ಅವನಿಗೆ ಎಚ್ಚರವಾಗದಿರಲೆಂದು, ಗುಂಡಿಗಳಿಲ್ಲದ ಉದ್ದನೆಯ ರಸ್ತೆ ಹಿಡಿದಳು.