ಗೆದ್ದವನ ತೋಳಿನಡಿ

ದೇವದುರ್ಗದ ಪ್ರಭುರಾಜ ಮಾಸ್ತರ ಮಂಗೋಲಿಯಾದ ಒಂದು ಶಾಲೆಯಲ್ಲಿ ಮೂರು ವರ್ಷ ಗಣಿತ ಕಲಿಸಿದ, ಜೊತೆಗೆ ಅಲ್ಲಿಯ ಕುಸ್ತಿ ಕಲಿತ. ಅರವತ್ತಮೂರು ಕುಸ್ತಿ ಹಿಡಿದು ಅರವತ್ತಮೂರನ್ನೂ ಸೋತ. ಅಲ್ಲಿ ಸೋತವನು, ಗೆದ್ದವನು ಎತ್ತಿ ಹಿಡಿದ ತೋಳಿನಡಿ ಹಾದುಹೋಗಬೇಕು. ಹೀಗಾಗಿ ಆ ದೇಶದಲ್ಲಿ ಅವನು ನೋಡದ ಊರುಗಳಿರಬಹುದು, ಹಾಯದ ಕಂಕುಳಿಲ್ಲ. ಕಣ್ಣು ಕಟ್ಟಿದರೂ ವಾಸನೆಯ ಮೇಲೆ ಇಂಥ ಜಿಲ್ಲೆಯವನೆಂದು ಹೇಳುತ್ತಿದ್ದ.

ರಜೆಗೆ ಊರಿಗೆ ಬಂದಾಗ ಅಪ್ಪ ಬೂದೆಪ್ಪ ಮನೆಯಿಂದ ಹೊರಗೆ ಕಾಲಿಡದೆ ಎರಡು ತಿಂಗಳಾಗಿತ್ತು. ಹಳೆಯ ಪೈಲ್ವಾನ; ಬಚ್ಚಲಲ್ಲಿ ಜಾರಿ ಬಿದ್ದು ಬಲಭುಜ ಬಿಗಿದುಕೊಂಡಿತ್ತು. ರುಮಾಲು ತಾನೇ ಸುತ್ತಿಕೊಳ್ಳಲಾರ, ಬೇರೆಯವರಿಂದ ಸುತ್ತಿಸಿಕೊಳ್ಳಲೊಲ್ಲ, ರುಮಾಲಿಲ್ಲದೆ ಹೊಸ್ತಿಲು ದಾಟಲೊಲ್ಲ. ದಿನಾ ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ಹತ್ತಿಸದಿದ್ದರೆ ತೋಳು ಹೀಗೇ ನಿಂತುಬಿಡುತ್ತದೆ ಎಂದು ರಾಯಚೂರಿನ ಡಾಕ್ಟರು ಹೇಳಿದ್ದರು.

“ಗ್ವಾಡಿ ಹತ್ತಾಕ ನಾ ಏನ್ ಹಲ್ಲಿ ಏನಲೇ?” ಎಂದ ಬೂದೆಪ್ಪ.

ಪ್ರಭುರಾಜ ಹನ್ನೆರಡನೇ ವಯಸ್ಸಿಗೆ ಮಾನ್ವಿಯ ಗರಡಿ ಸೇರಿ, ಮೂರನೇ ದಿನ ಲಂಗೋಟಿಯಲ್ಲೇ ಓಡಿಬಂದವನು. ಅವತ್ತಿನಿಂದ ಅಪ್ಪ ಅವನೆದುರು ಕುಸ್ತಿಯ ಮಾತೇ ಎತ್ತಿರಲಿಲ್ಲ. ಈಗ ಮಗನೇ ಅಂಗಳದಲ್ಲಿ ನಿಂತು ತೊಡೆ ತಟ್ಟಿದ.

“ಯಪ್ಪಾ, ಒಂದ್ ಕುಸ್ತಿ ಹಿಡಿ. ಕಾಯ್ದೆ ಮಾತ್ರ ಅಲ್ಲಿದು. ಮಣಕಾಲು ನೆಲಕ್ಕ ಹತ್ತಿದ್ರ ಸೋತಂಗ.”

ಬೂದೆಪ್ಪ ಎಡಗೈಯಿಂದ ಮಗನ ಸೊಂಟ ಮುಟ್ಟಿದ, ಅಷ್ಟೇ. ತೊಂಬತ್ತು ಕಿಲೋದ ಮಾಸ್ತರ ದೊಪ್ಪೆಂದು ಮಂಡಿಯೂರಿದ. ಬಲತೋಳೆತ್ತಿ ತನ್ನನ್ನು ಹಾಯಗೊಡದಿದ್ದರೆ ಕುಸ್ತಿ ಮುಗಿದಂತಲ್ಲ, ಗೆದ್ದವನಿಗೇ ಕೆಟ್ಟ ಹೆಸರು ಎಂದ. ಅಖಾಡದ ಕಾಯ್ದೆ ಮುರಿದವನಲ್ಲ ಬೂದೆಪ್ಪ. ಹಲ್ಲು ಕಚ್ಚಿ ಎತ್ತಿದ. ತೋಳು ಸೊಂಟದಿಂದ ಒಂದು ಗೇಣು ಎದ್ದಿತು. ಮಾಸ್ತರ ಅದರಡಿ ಅಂಬೆಗಾಲಿಟ್ಟು ಹಾದ. ಹಿಟ್ಟು ನಾದುತ್ತಿದ್ದ ಅವನ ಹೆಂಡತಿ ನೇತ್ರಾವತಿ ಸೆರಗನ್ನು ಬಾಯಿಗೊತ್ತಿಕೊಂಡಳು.

ಬೆಳಿಗ್ಗೆ ಮೂರು ಕುಸ್ತಿ, ಸಂಜೆ ಮೂರು. ಮಾಸ್ತರನ ಮಂಡಿ ಸುಲಿದುಹೋಯಿತು. ಹತ್ತು ದಿನಕ್ಕೆ ಅಂಬೆಗಾಲು ತಪ್ಪಿ, ನಡು ಬಗ್ಗಿಸಿದರೆ ಸಾಕಾಯಿತು. ಆಮೇಲಾಮೇಲೆ ಬರೀ ತಲೆ ತಗ್ಗಿಸುತ್ತಿದ್ದ. ರಜೆ ಮುಗಿದ ದಿನ ಬೂದೆಪ್ಪ ಕನ್ನಡಿ ಮುಂದೆ ನಿಂತು ರುಮಾಲು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಮಗನನ್ನು ಕಳಿಸಲು ಬಸ್‌ಸ್ಟ್ಯಾಂಡಿಗೆ ನಡೆದೇ ಬಂದ.

ರಾಯಚೂರು ಬಸ್ಸಿನಲ್ಲಿ ಪ್ರಭುರಾಜ ಚೀಲವನ್ನು ಮೇಲಕ್ಕೆ ಏರಿಸುತ್ತಿದ್ದ. ಹಿಂದೆಯೇ ಹತ್ತಿದ ಬೂದೆಪ್ಪ ಸೀಟುಗಳ ನಡುವೆ ಒಂದು ಮಂಡಿ ಊರಿ ಎದ್ದ. ಬಲಗೈಯಿಂದ ರುಮಾಲು ಹಿಡಿದುಕೊಂಡು, ಮಗನ ಎತ್ತಿದ ತೋಳಿನಡಿ ತಲೆ ತಗ್ಗಿಸಿ ಹಾದ.

“ಯಪ್ಪಾ, ಇದೇನು?”

“ಸುಮ್ನಿರಲೇ. ಬೇಕಂತ ಬೀಳೋರ್ನ ನಲವತ್ತು ವರ್ಷದಿಂದ ನೋಡೀನಿ.”

ಕಂಡಕ್ಟರ್ ಸೀಟಿ ಊದಿದ. ಬೂದೆಪ್ಪ ಇಳಿದು ಹೋದ. ಚೀಲ ಆಗಲೇ ಮೇಲೇರಿತ್ತು. ಆದರೂ ಮಾಸ್ತರ ರಾಯಚೂರು ಬರುವವರೆಗೆ ತೋಳು ಇಳಿಸಲಿಲ್ಲ. ಪಕ್ಕದ ಸೀಟಿನವರು, ಪಾಪ, ಕಿಟಕಿ ತೆರೆದುಕೊಂಡರು.