ಆಷಾಢದ ಹುರುಳಿ

ನಮ್ಮತ್ತೆ ಚಿಕ್ಕಮುನಿಯಮ್ಮನವರಿಗೆ ಸೊಸೆಗಿಂತ ಕುದುರೆಯ ಮೇಲೆ ಪ್ರೀತಿ ಜಾಸ್ತಿ. ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ, ಸ್ವಲ್ಪ ಹೊಟ್ಟೆಕಿಚ್ಚೂ ಇದೆ ಅನ್ನಿ. ನನ್ನ ಗಂಡ ವೇಣುಗೋಪಾಲ್ ಕುಡುಮಲಕುಂಟೆಯ ಫ್ಯಾಕ್ಟರಿಗೆ ಹೋಗುವವರು. ರೇಸಿನಿಂದ ಬಿಟ್ಟ ಹೆಣ್ಣುಕುದುರೆಯೊಂದನ್ನು ಶೋಕಿಗೆಂದು ತಂದು, ಮಲ್ಲಿ ಎಂದು ಹೆಸರಿಟ್ಟು, ಮದುವೆ ಮೆರವಣಿಗೆಗಳಿಗೆ ಕಳಿಸತೊಡಗಿದರು. ಸಾಕುವ ಕೆಲಸ ಮಾತ್ರ ಅತ್ತೆಯ ಪಾಲಿಗೆ ಬಂತು. ಅವರು ಅದನ್ನು ‘ನಾ ತಲ್ಲೀ’, ನನ್ನ ತಾಯೀ, ಎಂದು ತೆಲುಗಿನಲ್ಲೇ ಮುದ್ದಿಸುವರು.

ಆಷಾಢದಲ್ಲಿ ಮದುವೆಗಳಿಲ್ಲ. ಮಲ್ಲಿ ತಿಂಗಳಿಡೀ ಕೊಟ್ಟಿಗೆಯಲ್ಲೇ ನಿಂತಿತ್ತು. ಅತ್ತೆ ಎರಡು ಹೊತ್ತೂ ಹುರುಳಿ ಬೇಯಿಸಿ, ಬೆಲ್ಲ ಕಲಸಿ ಬಕೆಟ್ ತುಂಬ ಇಡುತ್ತಿದ್ದರು.

“ಕೆಲಸ ಇಲ್ದೆ ನಿಂತಿರೋದಕ್ಕೆ ಇಷ್ಟೊಂದು ಯಾಕತ್ತೆ? ಕಮ್ಮಿ ಹಾಕಿ” ಎಂದೆ.

“ಮದುವೆಯಾದ ವರ್ಷ ಆಷಾಢಕ್ಕೆ ನೀನು ತೌರಲ್ಲಿ ಕೂತು ತಿನ್ಲಿಲ್ವೇನೇ ರಾಧಾಮಣಿ? ಇದಕ್ಕೆ ಯಾವ ತೌರಿದೆ?”

ಊರಿಗೆಲ್ಲ ಜೋರು ಮಾಡುವ ನನ್ನ ಬಾಯಿ ಅವರ ಮುಂದೆ ನಡೆಯುವುದಿಲ್ಲ.

ಶ್ರಾವಣದ ಮೊದಲ ಮದುವೆ ವಿದುರಾಶ್ವತ್ಥದ ಹತ್ತಿರದ ಹಳ್ಳಿಯಲ್ಲಿತ್ತು. ಗಂಡ ಫ್ಯಾಕ್ಟರಿಗೆ ಹೋಗಿದ್ದರಿಂದ ಮಲ್ಲಿಯ ಜೊತೆ ನಾನೂ ಅತ್ತೆಯೂ ಹೋಗಿದ್ದೆವು. ಮದುಮಗನನ್ನು ಹೊತ್ತು ಮಲ್ಲಿ ಬ್ಯಾಂಡಿನ ಹಿಂದೆ ಒಂದು ಬೀದಿ ದಾಟಿತಷ್ಟೆ, ಮೈಯೆಲ್ಲ ಬೆವರಿ, ಹಿಂಗಾಲು ಎತ್ತಲಾರದೆ ನಿಂತುಬಿಟ್ಟಿತು. ಮುಟ್ಟಿ ನೋಡಿದರೆ ತೊಡೆ ಕಲ್ಲಿನ ಹಾಗಿತ್ತು. ಮದುಮಗನನ್ನು ಇಳಿಸಿದೆವು. ಅವನ ಸೋದರಮಾವ ಎರ್ರಪ್ಪನವರು ಲಗಾಮು ಹಿಡಿದು ಎಳೆದರು.

“ಸೊಂಟ ಹಿಡ್ಕೊಂಡಿದೆ ಅಷ್ಟೇ ಕಣಮ್ಮ. ನಾಲ್ಕು ಹೆಜ್ಜೆ ನಡೆಸಿದ್ರೆ ಬಿಟ್ಕೊಳ್ಳುತ್ತೆ.”

ಅತ್ತೆಯೂ ಹಿಂದಿನಿಂದ ತಳ್ಳಿದರು. ಮಲ್ಲಿ ನರಳಿತು. ಆಮೇಲೆ ಉಚ್ಚೆ ಹೊಯ್ದಿತು; ಅದು ಕಾಫಿ ಡಿಕಾಕ್ಷನ್ ಬಣ್ಣಕ್ಕಿತ್ತು.

“ಯಾರೂ ಎಳೀಬೇಡಿ ಅದನ್ನ” ಎಂದು ಎರ್ರಪ್ಪನವರ ಕೈಯಿಂದ ಲಗಾಮು ಕಿತ್ತುಕೊಂಡೆ. ಅವರು ಹಿರಿಯರು, ಮುಖ ಊದಿಸಿಕೊಂಡರು. ಊದಿಸಿಕೊಳ್ಳಲಿ. ಮದುಮಗ ಕಾರಿನಲ್ಲಿ ಹೋದ.

ಗೌರಿಬಿದನೂರಿನಿಂದ ಪಶುವೈದ್ಯೆ ತನುಜ ಬಂದರು. ಕುತ್ತಿಗೆಯ ನರಕ್ಕೆ ಡ್ರಿಪ್ ಹಾಕಿ, ನನ್ನನ್ನು ಪಕ್ಕಕ್ಕೆ ಕರೆದು ಏನು ತಿನ್ನಿಸಿದಿರೆಂದು ಕೇಳಿದರು. ಹೇಳಿದೆ.

“ಸುಮ್ನೆ ನಿಲ್ಸಿ ಕಾಳು ತಿನ್ನಿಸಿ, ಆಮೇಲೆ ಏಕಾಏಕಿ ದುಡಿಸಿದ್ರೆ ಕೆಲವು ಕುದುರೆಗೆ ಹೀಗಾಗುತ್ತೆ. ಮಾಂಸಖಂಡ ಒಡೆದು ಉಚ್ಚೇಲಿ ಹೋಗ್ತಿದೆ. ಕಿಡ್ನಿ ಕೆಟ್ರೆ ಉಳಿಯಲ್ಲ. ಈಗ ಒಂದು ಹೆಜ್ಜೆನೂ ನಡೆಸ್ಬೇಡಿ. ಉಳಿದ್ರೂ ಇನ್ಮೇಲೆ ಹುಲ್ಲೇ, ಕಾಳು ಬೇಡ. ಇನ್ನೊಂದ್ಸಲ ಹೀಗಾದ್ರೆ ನಾನೇನೂ ಮಾಡಕ್ಕಾಗಲ್ಲ.”

ಮದುವೆಯವರು ಬೀದಿಯಲ್ಲೇ ಅದಕ್ಕೊಂದು ಶಾಮಿಯಾನ ಕಟ್ಟಿಕೊಟ್ಟರು. ಅತ್ತೆ ಪಕ್ಕದಲ್ಲಿ ನಿಂತು ಸೆರಗಿನಿಂದ ಗಾಳಿ ಹಾಕುತ್ತಿದ್ದರು. ಡಾಕ್ಟರ ಮಾತು ಅವರಿಗೆ ಕೇಳಿಸಿರಲಿಲ್ಲ.

“ಏನಂತೆ? ನಾನು ತಿನ್ನಿಸಿದ್ದಕ್ಕೇನಾದ್ರೂ...”

ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಎಂದೂ ಕೇಳಿರಲಿಲ್ಲ. ತಿಂಗಳಿಡೀ ನುಂಗಿಕೊಂಡಿದ್ದ ಮಾತು ನಾಲಗೆಯ ತುದಿಯಲ್ಲೇ ಇತ್ತು, ಆಡಲು ಮನಸ್ಸು ಬರಲಿಲ್ಲ. ದೃಷ್ಟಿಯಾಗಿದೆ ಎಂದಿದ್ದರೆ ನಂಬುತ್ತಿದ್ದರು, ನಿವಾಳಿಸಿ ಸಮಾಧಾನಪಡುತ್ತಿದ್ದರು. ಆದರೆ ಮಲ್ಲಿ ಮನೆಗೆ ಬಂದ ದಿನವೇ ಮತ್ತೆ ಹುರುಳಿ ಒಲೆಗಿಡುತ್ತಿದ್ದರು. ಅಯ್ಯೋ, ಈ ಪಾಪ ನನ್ನ ಬಾಯಿಗೇ ಬರಬೇಕೇ ಎನ್ನಿಸಿತು.

“ಹೂಂ ಅತ್ತೆ. ಹುರುಳಿಯಿಂದ್ಲೇ.”

ಅವರ ಕೈ ನಿಂತಿತು. ಆಮೇಲೆ ಮಲ್ಲಿಯಿಂದ ಒಂದು ಹೆಜ್ಜೆ ಹಿಂದಕ್ಕೆ ಸರಿದರು.

ಮಲ್ಲಿ ಬದುಕಿತು. ಉಚ್ಚೆ ತಿಳಿಯಾದ ಮೇಲೆ ಲಾರಿಯಲ್ಲಿ ಮನೆಗೆ ತಂದೆವು. ಅತ್ತೆ ಕೊಟ್ಟಿಗೆಯ ಕಡೆ ಸುಳಿಯಲಿಲ್ಲ.

“ಮೇವು ನೀನೇ ಹಾಕು. ನಾನು ಹತ್ರ ಹೋದ್ರೆ ನನ್ನ ಕೈ ತಡೆಯಲ್ಲ.”

ಸಂಜೆ ಹುಲ್ಲು ಹಾಕಿದೆ. ಮಲ್ಲಿ ಅದನ್ನು ಮೂಸಿ ಬಿಟ್ಟು, ಮನೆಯ ಕಡೆ ಕತ್ತೆತ್ತಿ ಕೆನೆಯಿತು. ಸುಮ್ಮನಿದ್ದು ಮತ್ತೆ ಕೆನೆಯಿತು. ಒಳಗೆ ಹೋದರೆ ಅತ್ತೆ ಗೋಡೆಯ ಕಡೆ ಮುಖ ಮಾಡಿ, ಸೆರಗನ್ನು ಎರಡೂ ಕಿವಿಗೆ ಒತ್ತಿಕೊಂಡು ಕೂತಿದ್ದರು.

“ಬಾಗಿಲು ಹಾಕ್ಬಿಡಮ್ಮ” ಎಂದರು.

ಹಾಕಿದೆ. ಆದರೂ ಕೇಳಿಸುತ್ತಿತ್ತು.