ಸಿದ್ದಿ ಕೂದಲಿಗೆ ಡಬಲ್ ರೇಟು

"ಇದು ಯಾರ ಕೂದಲಾ? ಹೇಳಬೇ, ಬಾಯಿ ಸತ್ತೈತೇನು? ನಿನ್ನ ತಲೀದೋ, ನಾಯಿ ಬಾಲದ್ದೋ?"

ಮಹಾಂತಮ್ಮ ಸಾರಿನ ಬಟ್ಟಲಿನಿಂದ ಒಂದು ಕೂದಲನ್ನು ಚಮಚದ ತುದಿಯಲ್ಲಿ ಎತ್ತಿ ನನ್ನ ಮುಖದ ಮುಂದೆ ಹಿಡಿದಿದ್ದಳು. ಕೂದಲು ಕರ್ರಗಿತ್ತು, ಗುಂಗುರಾಗಿತ್ತು. ಆ ಮನೆಯಲ್ಲಿ ಗುಂಗುರು ಕೂದಲಿನವರು ಇಬ್ಬರು. ಒಬ್ಬಳು ನಾನು, ಹುಟ್ಟಿದಾಗಿನಿಂದ. ಇನ್ನೊಬ್ಬಳು ಅವಳ ಸೊಸೆ ಭೂಮಿಕಾ, ಹೋದ ತಿಂಗಳಿಂದ. ಸೂಜಿಯ ಹಾಗೆ ನೆಟ್ಟಗಿದ್ದ ತನ್ನ ಕೂದಲನ್ನು ಆಕೆ ಕೆಳಗಿನ ಬೀದಿಯ ಪಾರ್ಲರಿನಲ್ಲಿ ಅರ್ಧ ದಿನ ಕೂತು, ಕಣ್ಣುರಿಸುವ ವಾಸನೆಯ ಔಷಧ ಹಚ್ಚಿಸಿಕೊಂಡು, ಸುರುಳಿ ಮಾಡಿಸಿಕೊಂಡು ಬಂದಿದ್ದಳು. ಆ ದಿನ ಅತ್ತೆ, "ಸಿನಿಮಾದಾಕಿ ಕಂಡಂಗ ಕಾಣ್ತಿ ನೋಡವಾ" ಎಂದು ದೃಷ್ಟಿ ತೆಗೆದಿದ್ದಳು. ಈಗ ಸಾರಿನಲ್ಲಿ ಸಿಕ್ಕಿದ್ದು ಯಾರದೆಂದು ಅವಳ ಕಡೆ ತಿರುಗಿ ಯಾರೂ ಕೇಳಲಿಲ್ಲ.

"ಅವ್ವಾರ, ನಾ ತಲಿಗೆ ಅರಿವಿ ಕಟ್ಟಿಕೊಂಡ ಅಡಗಿ ಮಾಡ್ತೀನ್ರಿ."

"ಎದುರ ಮಾತಾಡಬ್ಯಾಡ, ಹಲ್ಕಟ್. ಅರಿವ್ಯಾಗ ನಿಲ್ಲೂ ಕೂದಲೇನ ಅದು? ಮುಳ್ಳಕಂಟಿ. ನಾಡಿದ್ದ ಪವಿ ಬರ್ತ್‌ಡೇಕ ಇಂಗೋಲ್‌ಸ್ಟಾಟ್ ಊರಿಂದ ಮಂದಿ ಬರಾವ್ರದಾರ. ಈ ತಲಿ ಹೊತ್ತು ನನ್ನ ಅಡಗಿಮನಿಯಾಗ ನಿಲ್ಲಬ್ಯಾಡ. ನಾಳೆ ಕತ್ತರಸಿಕೊಂಡ ಬರೂಣು, ನಡಿ."

ಜರ್ಮನಿಯವರು ಗ್ರೀನ್ ಕಾರ್ಡ್ ಕೊಟ್ಟು ಕಂಪ್ಯೂಟರಿನವರನ್ನು ಕರೆಸಿಕೊಳ್ಳುತ್ತಿದ್ದ ಕಾಲ ಅದು. ಮಾರ್ಕಿನ ದುಡ್ಡು ಹೋಗಿ ಯೂರೋ ಬಂದಿತ್ತು. ಮಹಾಂತಮ್ಮನ ಮಗ ಪ್ರವೀಣಕುಮಾರ ಧಾರವಾಡದಿಂದ ನ್ಯೂರೆಂಬರ್ಗಿಗೆ ಬಂದ. ಹೆಂಡತಿ ಬಂದಳು. ಪವಿ ಎಂಬ ಹೆಣ್ಣುಕೂಸು ಹುಟ್ಟಿತು. ಕೂಸಿನ ಹಿಂದೆ ಅವನ ತಾಯಿ ಮಹಾಂತಮ್ಮ ಬಂದಳು, ಅವಳ ಪೆಟ್ಟಿಗೆಗಳ ಹಿಂದೆ ನಾನು ಬಂದೆ.

ನನ್ನ ಹೆಸರು ಸುಶೀಲಾಬಾಯಿ. ಹಳಿಯಾಳದ ಕಾಡಂಚಿನ ಸಿದ್ದಿಯವಳು. ನಮ್ಮ ಹಿರಿಯರನ್ನು ಯಾವ ಕಾಲದಲ್ಲೋ ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದು ಗೋವೆಯಲ್ಲಿ ಮಾರಿದರಂತೆ. ಅವರು ತಪ್ಪಿಸಿಕೊಂಡು ನಮ್ಮ ಕಡೆಯ ಕಾಡು ಸೇರಿದರಂತೆ. ಆ ದೇಶದ್ದು ನಮ್ಮ ಮೈಮೇಲೆ ಉಳಿದಿರುವುದು ಬಣ್ಣ ಮತ್ತು ಕೂದಲು. ಮಹಾಂತಮ್ಮನ ಮನೆಯಲ್ಲಿ ಸುಶೀಲಾ ಎಂದು ಯಾರೂ ಕರೆದವರಲ್ಲ. "ಲೇ ಸಿದ್ದಿ" ಎಂದರೆ ನಾನು. ನನ್ನ ಲೋಟ ಬಾಲ್ಕನಿಯಲ್ಲಿ. ಪವಿಗೆ ನಾನೇ ನೀರು ಎರೆಯಬೇಕು. ಎರೆದು ಕೊಟ್ಟ ಮೇಲೆ ಕೂಸಿನ ಮೈಮೇಲೆ ಇನ್ನೊಂದು ಚೊಂಬು ನೀರು ಸುರಿದು ಮಹಾಂತಮ್ಮ ಎತ್ತಿಕೊಳ್ಳುತ್ತಿದ್ದಳು. ನನ್ನ ಕೈಯಿಂದ ಅವಳು ಏನನ್ನೂ ತೆಗೆದುಕೊಂಡವಳಲ್ಲ. ನಾನು ಕೆಳಗಿಡಬೇಕು, ಆಮೇಲೆ ಅವಳು ಎತ್ತಿಕೊಳ್ಳಬೇಕು. ನಾನು ಬೇಯಿಸಿದ್ದನ್ನು ಉಣ್ಣುವಾಗ ಮಾತ್ರ, "ಈ ದೇಶದಾಗ ಇದೆಲ್ಲಾ ನೋಡಾಕ ಆಗೂದಿಲ್ಲವಾ" ಎನ್ನುತ್ತಿದ್ದಳು. ಹೊಟ್ಟೆಗೆ ಒಂದು ಶಾಸ್ತ್ರ, ಚರ್ಮಕ್ಕೆ ಒಂದು ಶಾಸ್ತ್ರ.

ಮರುದಿನ ಶನಿವಾರ. ಪವಿಯನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಮೂವರೂ ಪಾರ್ಲರಿಗೆ ಹೋದೆವು. ಒಡತಿ ಫ್ರಾವ್ ಲಿಂಡ್ನರ್ ಎಂಬ ಎತ್ತರದ ಹೆಂಗಸು. ಭೂಮಿಕಾಳನ್ನು ಕಂಡವಳೇ ಅವಳ ಸುರುಳಿಗಳನ್ನು ಬೆರಳಲ್ಲಿ ಕುಣಿಸಿ, ತಾನೇ ಹೆತ್ತ ಮಗುವೆಂಬಂತೆ ಹಿಗ್ಗಿದಳು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಕೊರಳಿಗೆ ಬಿಳಿ ಬಟ್ಟೆ ಬಿಗಿದರು. ಪಕ್ಕದ ಕುರ್ಚಿಯ ಬಳಿ ಒಬ್ಬಳು ಕಪ್ಪು ಹೆಂಗಸು ನಿಂತಿದ್ದಳು. ತಲೆ ತೊಯ್ದಿತ್ತು, ನೀರು ಹೆಗಲಿಗೆ ಇಳಿಯುತ್ತಿತ್ತು. ತಲೆ ತೊಳೆದಾದ ಮೇಲೆ ರೇಟು ಹೇಳಿದ್ದರೆಂದು ಕಾಣುತ್ತದೆ. ಸೊಂಟದ ಮೇಲೆ ಕೈಯಿಟ್ಟು ಕೆಲಸದ ಹುಡುಗಿಯ ಜೊತೆ ಜಗಳಕ್ಕೆ ನಿಂತಿದ್ದಳು. ಭಾಷೆಯೊಂದು ಬೇರೆ, ನಿಂತ ರೀತಿ ನನ್ನ ನಾದಿನಿಯದೇ.

ನಾನು ತಲೆಯ ಬಟ್ಟೆ ಬಿಚ್ಚಿದೆ. ಒಡತಿಯ ಮುಖದ ನಗೆ ಹೋಯಿತು. ಗೋಣಿನಾರು ನೋಡುವ ಹಾಗೆ ಎರಡು ಬೆರಳಲ್ಲಿ ನನ್ನ ಕೂದಲನ್ನು ಹಿಸುಕಿ, "ಆಫ್ರೋ" ಎಂದಳು. ಬೆರಳನ್ನು ಟವೆಲಿಗೆ ಒರೆಸಿಕೊಂಡು ಭೂಮಿಕಾಳಿಗೆ ಏನೋ ಹೇಳಿದಳು.

"ಅತ್ತೀ, ಡಬಲ್ ಅಂತ್ರೀ."

"ಯಾಕಂತ?"

"ಆಫ್ರಿಕಾದವರ ಹೇರ್‌ಗೆ ಎಕ್ಸ್‌ಟ್ರಾ ಚಾರ್ಜ್ ಐತಂತ. ಟೈಮ್ ಭಾಳ ಬೇಕಂತ, ಬಾಚಣಿಕಿ ಮುರೀತಾವಂತ."

ನಾನು ಕನ್ನಡಿಯಲ್ಲೇ ಕೇಳಿದೆ: "ಅಕ್ಕಾರ, ನಿಮ್ಮ ಕೂದಲಾ ಹಿಂಗ ಮಾಡಾಕ ಅರ್ಧ ದಿನ ಹತ್ತಿತ್ತಲ್ಲರಿ. ನಿಮಗೂ ಡಬಲ್ ಹಚ್ಚಿದ್ರೇನ್ರಿ?"

"ಯೂ ಶಟಪ್. ನಂದು ಸ್ಟೈಲಿಂಗ್. ನಿಂದು ಪ್ರಾಬ್ಲೆಮ್ ಹೇರ್."

ಮಹಾಂತಮ್ಮ ಮುಂದೆ ಬಂದಳು. ಧಾರವಾಡದ ಸಂತೆಯಲ್ಲಿ ಬದನೆಕಾಯಿ ಚೌಕಾಸಿಗೆ ನಿಲ್ಲುವಾಗಿನ ಮುಖ. "ಏ, ಆಕಿಗೆ ಹೇಳ ಭೂಮಿ. ಇಕಿ ಆಫ್ರಿಕಾದಾಕಿ ಅಲ್ಲ. ನಮ್ಮ ಹಳಿಯಾಳದಾಕಿ. ಇಂಡಿಯಾ ಇಂಡಿಯಾ! ನಮ್ಮಾಕಿ ಅಂತ ಹೇಳ."

ನಮ್ಮಾಕಿ! ನಾಲ್ಕು ಕಾಸು ಉಳಿಯುತ್ತದೆಂದರೆ ಅವಳ ಬಾಯಲ್ಲಿ ನನಗೆ ಊರು ಬಂತು, ದೇಶ ಬಂತು, ನಂಟೂ ಬಂತು. ನನಗೆ ನಗು ತಡೆಯದಾಯಿತು.

ಒಡತಿ ಅಡ್ಡಡ್ಡ ತಲೆಯಾಡಿಸಿದಳು. "ನೈನ್."

"ನಂಬೂದಿಲ್ಲೇನ್ ಇಕಿ? ತಡಿ, ತೋರಸ್ತೀನಿ." ಮಹಾಂತಮ್ಮ ವ್ಯಾನಿಟಿ ಬ್ಯಾಗಿಗೆ ಕೈ ಹಾಕಿ, ಔಷಧದ ಚೀಟಿ, ಅಡಿಕೆಪುಡಿ ಡಬ್ಬಿಗಳ ಅಡಿಯಿಂದ ಒಂದು ಪುಸ್ತಕ ಎಳೆದು ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಬಡಿದಳು. ನನ್ನ ಪಾಸ್‌ಪೋರ್ಟು. ವಿಮಾನ ಇಳಿದ ಕೂಡಲೇ, "ನೀ ಕಳಕೋತಿ, ಇಲ್ಲೆ ತಾ" ಎಂದು ಇಸಿದುಕೊಂಡದ್ದು. ಮನೆಯಲ್ಲಿ ಬಿಟ್ಟರೆ ಹುಡುಕಿ ತೆಗೆದೇನೆಂದು ಹೋದಲ್ಲೆಲ್ಲ ಹೊತ್ತುಕೊಂಡು ತಿರುಗುತ್ತಿದ್ದಳು. "ಊರಿಗೆ ಹೋಗ್ತೀನ್ರಿ, ಕೊಡ್ರಿ" ಎಂದು ಕೇಳಿದಾಗಲೆಲ್ಲ, "ಪವಿ ನಡೀಲಿ", "ಪವಿ ಮಾತಾಡಲಿ" ಎಂದು ಮುಂದೂಡುತ್ತಿದ್ದಳು. ಈಗ ರಿಯಾಯಿತಿಯ ಆಸೆಗೆ ತಾನಾಗಿಯೇ ತಂದು ನನ್ನ ಮೊಳಕಾಲಿನ ಹತ್ತಿರ ಇಟ್ಟಳು.

ಒಡತಿ ಅದನ್ನು ತೆರೆದು, ಫೋಟೋ ನೋಡಿ, ಮತ್ತೆ ಅಲ್ಲೇ ಇಟ್ಟು ಏನೋ ಅಂದಳು. ಕೆಲಸದ ಹುಡುಗಿ ಕಿಸಕ್ಕನೆ ನಕ್ಕಳು.

"ಏನಂತಾಳ?"

ಭೂಮಿಕಾ ನೆಲ ನೋಡಿದಳು. "ನಾವು ಪಾಸ್‌ಪೋರ್ಟ್ ಕತ್ತರಸೂದಿಲ್ಲ, ಕೂದಲಾ ಕತ್ತರಸ್ತೀವಿ ಅಂತಾರ್ರೀ. ಬರ್ರೀ ಅತ್ತೀ, ಎಲ್ಲಾರೂ ನೋಡಾಕತ್ತಾರ."

ಬಿಳಿಯರ ನಗೆ ಮಹಾಂತಮ್ಮನಿಗೆ ತಾಗಿತು. ಆದರೆ ಬಿಳಿಯರ ಮೇಲೆ ತೀರಿಸಿಕೊಳ್ಳುವ ಎದೆ ಎಲ್ಲಿಂದ ಬರಬೇಕು? ನನ್ನ ಮೇಲೆ ತೀರಿಸಿಕೊಂಡಳು. ಗೋಡೆಯ ಮೇಲೆ ತಲೆ ನುಣ್ಣಗಾದ ಗಂಡಸಿನ ಚಿತ್ರವಿತ್ತು. ಅದನ್ನು ತೋರಿಸಿ, "ಮಷೀನ್ ಹಚ್ಚಿ ಬೋಳಸಾಕ ಎಷ್ಟಂತ ಕೇಳ" ಎಂದಳು.

ಭೂಮಿಕಾ ಕೇಳಿದಳು. "ಅದಕ್ಕ ಎಲ್ಲಾರಿಗೂ ಒಂದ ರೇಟಂತ."

"ಹಂಗಾರ ಬೋಳಸ ಅನ್ನು. ಕಾಟ ಹೋತು."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. "ಅವ್ವಾರ, ನನ್ನ ಗಂಡ ಜೀವಂತ ಅದಾನ್ರಿ."

"ಇದ್ರ? ಇಲ್ಲಿ ಬಂದ ನೋಡ್ತಾನೇನ? ನಿಮ್ಮಂಥ ಕಾಡಮಂದಿಗೆ ಮುತ್ತೈದಿತನ ಬ್ಯಾರೆ ಕೇಡು. ಕೂಡ ಸುಮ್ಮನ, ರಂಡಿ."

ನನ್ನ ಗಂಡ ಅಡಿವೆಪ್ಪ ಅಲ್ಲಿ ಹಳಿಯಾಳದಲ್ಲಿ ಕಟ್ಟಿಗೆ ಅಡ್ಡೆಯಲ್ಲಿ ದುಡಿಯುತ್ತಿದ್ದಾನೆ. ಇವಳು ಇಲ್ಲಿ ನಾಲ್ಕು ಕಾಸಿಗಾಗಿ ನನ್ನನ್ನು ಬೋಳಿ ಮಾಡುತ್ತಾಳೆ. ಹಿಂದಿನಿಂದ ಮಷೀನಿನ ಗುಂಯ್ ಸದ್ದು ಹತ್ತಿರ ಬಂತು.

ನಾನು ಬಿಳಿ ಬಟ್ಟೆಯ ಅಡಿಯಿಂದ ಕೈ ತೆಗೆದು, ಹಲಗೆಯ ಮೇಲಿದ್ದ ಪಾಸ್‌ಪೋರ್ಟನ್ನು ಎತ್ತಿ, ಕುಪ್ಪಸದೊಳಗೆ ಇಳಿಸಿದೆ.

"ಏಯ್! ಕೊಡ ಇಲ್ಲೆ."

"ತಗೋರಿ."

"ಕೆಳಗಿಡ."

"ಇಡೂದಿಲ್ಲ. ಕೈ ಹಾಕಿ ತಗೋರಿ. ಈಗಷ್ಟ ನಮ್ಮಾಕಿ ಅಂದ್ರಲ್ಲ? ಮುಟ್ರಿ."

ಅವಳ ಕೈ ಮೇಲೆದ್ದಿತು. ಬಿಳಿ ಬಟ್ಟೆಯಿಂದ ಒಂದು ಗೇಣು ದೂರ ಬಂದು ನಿಂತಿತು. ಮುಂದೆ ಬರಲಿಲ್ಲ. ಎಷ್ಟು ವರ್ಷದ ಮಡಿ ಅದು, ಸಿಟ್ಟಿಗೂ ಜಗ್ಗಲಿಲ್ಲ.

"ಭೂಮೀ, ನೀ ಕಸಗೋ! ಆ ಹಾದರಗಿತ್ತಿ ಕಡೆಯಿಂದ ಕಸಗೋ!"

"ನಾ ಒಲ್ಲೆ ಅತ್ತೀ, ಪ್ಲೀಸ್! ಪಬ್ಲಿಕ್ ಪ್ಲೇಸ್ ಐತಿ." ಭೂಮಿಕಾ ತಳ್ಳುಗಾಡಿಯನ್ನು ಬಾಗಿಲ ಕಡೆ ತಿರುಗಿಸಿದಳು.

ಮಷೀನು ನನ್ನ ಕಿವಿಯ ಬಳಿಗೆ ಬಂತು. ನಾನು ಒಡತಿಯ ಮಣಿಕಟ್ಟು ಹಿಡಿದೆ. "ನೈನ್" ಎಂದೆ. ಆ ದೇಶದ ಭಾಷೆಯಲ್ಲಿ ನಾನು ಆಡಿದ ಮೊದಲ ಮಾತು ಅದು. ಅವಳದೇ ಮಾತು, ಅವಳಿಗೇ ತಿರುಗಿ ಕೊಟ್ಟೆ.

"ಅಕ್ಕಾರ, ಹೋಗೂಕಿಂತ ಮೊದಲ ಆಕಿಗೆ ಒಂದ ಮಾತ ಹೇಳ್ರಿ. ನಿಮಗೆ ಕತ್ತರಸಾಕ ಎಷ್ಟೈತೋ ನನಗೂ ಅಷ್ಟ. ಕತ್ತರಿ ತಗೊಂಡ್ರ ತಗೋಲಿ. ಇಲ್ಲಾಂದ್ರ ನಾ ಈ ಕುರ್ಚಿ ಬಿಟ್ಟ ಏಳೂದಿಲ್ಲ."

ಭೂಮಿಕಾ ಹೇಳಲಿಲ್ಲ. ಬಾಗಿಲು ತೆರೆದು ಹೊರಗೆ ಹೋದಳು. ಹೇಳಿದವಳು ತಲೆ ತೊಯ್ದ ಆ ಹೆಂಗಸು. ನನ್ನ ಕನ್ನಡ ಅವಳಿಗೆಲ್ಲಿ ತಿಳಿಯಬೇಕು? ಕುರ್ಚಿಯನ್ನು ಹಿಡಿದ ನನ್ನ ಕೈ ನೋಡಿದಳು, ಗೋಡೆಯ ಮೇಲಿನ ದರದ ಹಲಗೆ ನೋಡಿದಳು. ಆಮೇಲೆ ಒಡತಿಗೆ ಅವಳ ಭಾಷೆಯಲ್ಲೇ, ಒಂದೊಂದು ಮಾತನ್ನೂ ಕಲ್ಲಿನ ಹಾಗೆ ಎತ್ತಿ ಹಾಕಿದಳು. ಒಡತಿಯ ಕುತ್ತಿಗೆ ಕೆಂಪಗಾಯಿತು.

ಮಹಾಂತಮ್ಮ ಬಾಗಿಲಲ್ಲಿ ನಿಂತು ಕೂಗಿದಳು. "ಇಲ್ಲೇ ಸಾಯಿ! ಮನಿ ಬಾಗಿಲಾ ತಗಿಯೂದಿಲ್ಲ ನಾ. ಪೊಲೀಸರು ಒಯ್ದ ಜೇಲಿಗೆ ಹಾಕ್ತಾರ ನಿನ್ನ!"

"ಹಾಕ್ಲಿ ಬಿಡ್ರಿ. ಅಲ್ಲಾದ್ರೂ ಲೋಟ ಒಳಗ ಇಟ್ಟಿರತಾರ."

ಬಾಗಿಲು ಮುಚ್ಚಿಕೊಂಡಿತು. ಗಾಜಿನ ಆಚೆ ಅವಳ ಬಾಯಿ ಇನ್ನೂ ಆಡುತ್ತಿತ್ತು, ಸದ್ದು ಮಾತ್ರ ಒಳಗೆ ಬರುತ್ತಿರಲಿಲ್ಲ. ಆ ಬಾಯಿ ಅಷ್ಟು ಚಂದ ನನಗೆಂದೂ ಕಂಡಿರಲಿಲ್ಲ.

ಶನಿವಾರ ಬೇಗ ಮುಚ್ಚುವ ಅಂಗಡಿ. ಹುಡುಗಿ ಬಾಗಿಲ ಮೇಲಿನ ಬೋರ್ಡು ತಿರುಗಿಸಿ, ಹಿಂದಿನ ಸಾಲಿನಿಂದ ದೀಪಗಳನ್ನು ಆರಿಸುತ್ತ ಬಂದಳು. ಒಡತಿ ಮಷೀನು ಪಕ್ಕಕ್ಕಿಟ್ಟು ಫೋನು ಎತ್ತಿದಳು. ಅವಳ ಮಾತಿನಲ್ಲಿ ನನಗೆ ತಿಳಿದದ್ದು ಪೊಲಿತ್ಸೈ ಎಂಬ ಒಂದೇ ಪದ. ತಲೆ ತೊಯ್ದ ಹೆಂಗಸು ಕೋಟು ಹಾಕಿಕೊಂಡು ಬಾಗಿಲವರೆಗೆ ಹೋದಳು. ಹಿಡಿಕೆಯ ಮೇಲೆ ಕೈಯಿಟ್ಟಳು. ಅಲ್ಲೇ ಒಂದು ಗಳಿಗೆ ನಿಂತು, ತಿರುಗಿ ಬಂದು, ಚೀಲವನ್ನು ನೆಲಕ್ಕೆ ಒಗೆದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. ಅವಳ ಕೂದಲಿನ ನೀರು ಹೊಳೆಯುವ ನೆಲದ ಮೇಲೆ ತೊಟ್ಟಿಕ್ಕುತ್ತಿತ್ತು.

ಒಡತಿ ಫೋನು ಇಟ್ಟು, ಕೈಕಟ್ಟಿಕೊಂಡು ನಮ್ಮ ಹಿಂದೆ ಬಂದು ನಿಂತಳು. ನಾನು ಕನ್ನಡಿಯಲ್ಲಿ ಅವಳ ಕಣ್ಣನ್ನೇ ನೋಡುತ್ತ, ಚಪ್ಪಲಿ ಕಳಚಿ ಕೆಳಗೆ ಬೀಳಿಸಿ, ಎರಡೂ ಕಾಲನ್ನು ಕುರ್ಚಿಯ ಕಾಲಿಡುವ ಹಲಗೆಯ ಮೇಲೆ ಚಾಚಿದೆ.